ಗೇಟಿನ ತನಕ ನಿಕಾಲಿ ಕುಸ್ತಿ

ಯಾವುದು ಆಟ, ಯಾವುದು ಆಟವಲ್ಲ ಎಂಬ ಜಗಳ ನಮ್ಮ ಮನೆಯಲ್ಲಿ ಶುರುವಾಗಲು ಕಾರಣವೇ ಬೇಡ. ಚಹಾಕ್ಕೆ ಇಟ್ಟ ನೀರು ಕುದಿಯುವಷ್ಟರಲ್ಲಿ ಅದೂ ಕುದಿಯುತ್ತದೆ. ನಾನು ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್, ಖೋ ಖೋ ಆಡಿ ಬೆಳೆದವಳು. ಗಂಡನಿಗೆ ಕ್ರಿಕೆಟ್ ಹುಚ್ಚು. ನಮ್ಮ ಜೊತೆಗೇ ಇರುವ ಅಪ್ಪ ಹಳೇ ಪೈಲ್ವಾನ. ಅವನ ಪ್ರಕಾರ ಭೂಮಿಯ ಮೇಲಿರುವ ಆಟ ಕುಸ್ತಿ ಒಂದೇ, ಉಳಿದದ್ದೆಲ್ಲ ಟೈಂಪಾಸು. ಅವ್ವ ಯಾವ ಆಟವನ್ನೂ ಆಡಿದವಳಲ್ಲ ಎಂದು ನಾವೆಲ್ಲ ತಿಳಿದಿದ್ದೆವು.

ಈ ಮಳೆಗಾಲದಲ್ಲಿ ಜಗಳಕ್ಕೆ ಹೊಸ ವಿಷಯ ಸಿಕ್ಕಿತು. ಅಪ್ಪನ ಮೊಣಕಾಲಿಗೆ ಆಪರೇಷನ್ ಆಯಿತು. “ಈಗ ನಡೀಲಿಲ್ಲಂದ್ರ ಕಾಲು ಸೆಟೆದು ನಿಲ್ತದ, ಆಮ್ಯಾಲ ಯಾರ ಕೈಲೂ ಆಗಂಗಿಲ್ಲ” ಎಂದು ಡಾಕ್ಟರು ಹೇಳಿ ಕಳಿಸಿದರು. ಅಪ್ಪನೋ, ವಾಕರ್ ಹಿಡಿದು ಬಚ್ಚಲಿಗೆ ಹೋಗಿಬಂದರೆ ಮುಗಿಯಿತು. ಉಳಿದ ಹೊತ್ತೆಲ್ಲ ಕಿಟಕಿ ಬಾಜು ಕುರ್ಚಿ. ವಾಕರಿನ ಮೇಲೆ ಟವೆಲ್ ಒಣಗುತ್ತಿತ್ತು. ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಯ ಬಾಗಿಲಿನಿಂದ ಗೇಟಿಗೆ ಎಷ್ಟು ದೂರ? ಬೆಕ್ಕು ಒಂದೇ ಓಟಕ್ಕೆ ಮುಟ್ಟುತ್ತದೆ. ಅಷ್ಟು ದೂರ ಅಪ್ಪನನ್ನು ನಡೆಸಲು ನಾವು ಪಟ್ಟ ಪಾಡು ಮಾತ್ರ ಹೇಳತೀರದು.

*ಚಹಾಕ್ಕೆ ಬಿಟ್ಟರು*

ಒಂದು ಭಾನುವಾರ ಟಿವಿಯಲ್ಲಿ ಟೆಸ್ಟ್ ಮ್ಯಾಚು. ಮಾವನ ಮನಸ್ಸು ಹಗುರಾಗಲಿ ಎಂದು ನನ್ನ ಗಂಡ ಬಾಜು ಕುಳಿತು ವಿವರಿಸುತ್ತಿದ್ದರು.

“ಮಾವಾರ, ಇದು ಐದು ದಿನದ ಆಟ ರೀ. ಎಲ್ಲಾದಕ್ಕಿಂತ ಕಠಿಣ.”

“ಐದು ದಿನಾ? ಇವರಿಗೆ ಮನೀ ಮಠಾ ಇಲ್ಲೇನು?”

ಅಷ್ಟರಲ್ಲಿ ಆಟಗಾರರೆಲ್ಲ ಮೈದಾನ ಬಿಟ್ಟು ಹೊರಟರು. ಎಲ್ಲಿಗೆ ಎಂದು ಅಪ್ಪ ಕೇಳಿದ. ಚಹಾಕ್ಕೆ ಎಂದು ತಿಳಿದದ್ದೇ ತಡ, ಕುರ್ಚಿಯಲ್ಲೇ ನೆಟ್ಟಗಾದ.

“ನಾ ಒಬ್ಬಾವನ್ನ ಕೆಳಗ ಹಾಕಿ ಕುತಗಿ ಹಿಡಿದಾಗ, ಆಂವ ‘ತಡೀರಿ ಪೈಲ್ವಾನ್ರ, ಚಹಾ ಕುಡದ ಬರ್ತೀನಿ’ ಅಂದಿದ್ರ ಬಿಡ್ತಿದ್ನೇನು? ಆಟದ ನಡುವ ಚಹಾ ಕುಡಿಯೂದು ಆಟನ ಅಲ್ಲ!”

ಅಪ್ಪನಿಗೆ ಆವೇಶ ಬಂದದ್ದು ನೋಡಿ ಅವ್ವನಿಗೆ ಇದೇ ಸಮಯ ಅನ್ನಿಸಿತು. ಅಡುಗೆಮನೆಯಿಂದ ಚಹಾದ ಕಪ್ಪು ಹಿಡಿದು ಬಂದವಳು, “ಹಂಗಾರ ಏಳ್ರಿ, ಗೇಟಿನ ತನಕ ಅಡ್ಡಾಡಿ ಬರೂಣು” ಅಂದಳು.

“ತಡಿ,” ಅಂದ ಅಪ್ಪ, ಕೈ ಚಾಚುತ್ತ. “ಮೊದಲ ಚಹಾ ಕುಡೀತೀನಿ.”

*ಬೆವರಿದ ಗಣಿತ*

ನಮ್ಮ ಸ್ಟಾಫ್ ರೂಮಿನಲ್ಲೂ ಇದೇ ಕಥೆ. ಗಣಿತದ ಸರು ಚೆಸ್ಸೇ ಅತಿ ಕಠಿಣ ಆಟ ಎಂದು ಮೇಜು ಕುಟ್ಟಿದರು. “ಮೈ ಬೆವರದ್ದು ಆಟ ಹೆಂಗಾತು ರೀ ಸರ?” ಎಂದು ನಾನೂ ಬಿಡಲಿಲ್ಲ. ಮರಾಠಿ ಕಲಿಸುವ ಟೀಚರಮ್ಮ, ನಮ್ಮೆಲ್ಲರ ಬಾಯಿಯವರು, ಶಾಂತವಾಗಿ, “ಸಂಜೀಕ ಬೆಳಗಾವಿ ಬಸ್ಸಿನ್ಯಾಗ ಸೀಟ್ ಹಿಡಿಯೂದಕ್ಕಿಂತ ಕಠಿಣ ಆಟ ಯಾವುದೂ ಇಲ್ರಿ” ಅಂದರು.

ಅವತ್ತೇ ಸಂಜೆ ಖಾನಾಪುರ ಸ್ಟ್ಯಾಂಡಿಗೆ ಬಸ್ಸು ನುಗ್ಗಿತು. ಜೋರು ಮಳೆ. ಗಣಿತದ ಸರು ಗುರಿ ಹಿಡಿದು, ಕಿಟಕಿಯ ಒಳಗೆ ತಮ್ಮ ಚೀಲ ಎಸೆದರು. ಅದು ಬರೋಬ್ಬರಿ ಸೀಟಿನ ಮೇಲೇ ಬಿತ್ತು. ಬೋರ್ಡು ಓದಿದ್ದು ಆಮೇಲೆ. ಅದು ಬೆಳಗಾವಿಯದಲ್ಲ, ಕಣಕುಂಬಿಗೆ ಹೋಗುವ ಬಸ್ಸು. ಸರು ಬಾಗಿಲಿಗೆ ಬರುವಷ್ಟರಲ್ಲಿ ಅದು ಚೀಲದ ಸಮೇತ ಹೊರಟಿತು. ಕೊಡೆ ಮಡಚಿ, ಪ್ಯಾಂಟು ಎತ್ತಿ ಹಿಡಿದು, ಅವರು ಸ್ಟ್ಯಾಂಡಿನ ಗೇಟಿನ ತನಕ ಓಡಿ, ಏದುಸಿರು ಬಿಡುತ್ತ ವಾಪಸು ಬಂದರು.

ಬಾಯಿಯವರು ತಮ್ಮ ಕರವಸ್ತ್ರ ಕೊಟ್ಟು, “ಒರೆಸಿಕೊಳ್ರಿ ಸರ. ಇವತ್ತು ಖರೇ ಆಟ ಆಡಿದ್ರಿ” ಅಂದರು. ಮರುದಿನ ಕಂಡಕ್ಟರು ಚೀಲ ತಂದುಕೊಟ್ಟಾಗ ಒಳಗಿನ ಊಟದ ಡಬ್ಬಿಯನ್ನು ಯಾರೋ ತೊಳೆದು ಇಟ್ಟಿದ್ದರು ಕೂಡ.

ಇದನ್ನು ಮನೆಯಲ್ಲಿ ಹೇಳಿದಾಗ ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಇದೇ ಹುರುಪಿನಲ್ಲಿ ಎಬ್ಬಿಸಿಬಿಡೋಣ ಎಂದು, “ಏಳು ಅಪ್ಪ, ಗೇಟಿನ ತನಕ ಹೋಗೂಣು” ಅಂದೆ.

ಅಪ್ಪ ಕಿಟಕಿಯಿಂದ ಹೊರಗೆ ಇಣುಕಿದ. “ಯಾಕ ಯವ್ವಾ, ಬಸ್ಸು ಬಂತೇನು?”

*ಎಡಗಡೆ ಭುಜ*

ಕೊನೆಗೆ ಮನೆಗೇ ಬಂದು ವ್ಯಾಯಾಮ ಮಾಡಿಸುವ ಫಿಸಿಯೋ ಒಬ್ಬರನ್ನು ಕರೆಸಿದೆವು. ಬಹಳ ನಯವಾದ ಮನುಷ್ಯ.

“ಈಗ ನಡಿಯೂದ ನಿಮ್ಮ ಆಟ ಅಂತ ತಿಳ್ಕೋರಿ ಅಜ್ಜಾರ.”

“ಎದುರಾಳಿ ಎಲ್ಲಿ?” ಅಂದ ಅಪ್ಪ. “ಜೋಡಿ ಇಲ್ಲದ್ದು ಆಟ ಹೆಂಗಾತು? ಜೋಡಿ ತರ್ರಿ, ಈಗ ಎದ್ದ ನಿಲ್ತೀನಿ. ನೀವಂತೂ ನನ್ನ ಜೋಡಿ ಅಲ್ಲ. ಬಲಗಡೆ ಭುಜಾ ಯಾಕ ಹಂಗ ಮ್ಯಾಲ ಎತ್ತಿ ಇಟಗೊಂಡೀರಿ?”

ದಿನವೆಲ್ಲ ಬೈಕು ಓಡಿಸಿ ಹಿಡಿದುಕೊಂಡಿದೆ ಎಂದರು ಅವರು. ನಾನು ಒಳಗೆ ಹೋಗಿ ನೀರು ತರುವಷ್ಟರಲ್ಲಿ ಫಿಸಿಯೋ ಚಾಪೆಯ ಮೇಲೆ ಕುಳಿತಿದ್ದರು, ಅಪ್ಪ ಕುರ್ಚಿಯಿಂದಲೇ ಎಣ್ಣೆ ಹಚ್ಚಿ ಅವರ ಭುಜ ತೀಡುತ್ತಿದ್ದ. ಅವರಿಗೆ ಅರೆನಿದ್ದೆ. ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ ಅವ್ವನನ್ನು ಮೆಲ್ಲಗೆ ಕೇಳಿದರು: “ಅಮ್ಮಾರ, ನಾಳೆ ಜರಾ ಲಗೂನ ಬರ್ಲೇನ್ರಿ? ಎಡಗಡೆ ಭುಜಾ ಉಳದೈತಿ.”

*ಅವ್ವ ಎತ್ತಿದ ಕೈ*

ಅಪ್ಪನದು ಹಟ ಎಂದೇ ನಾವು ತಿಳಿದಿದ್ದೆವು. ಅಂದು ಸಂಜೆ ಅವನು ಅವ್ವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: “ಬಿದ್ರ ಏನ್ ಮಾಡ್ಲಿ? ಬೆನ್ನ ಮಣ್ಣಿಗೆ ಹತ್ತಿದ್ರ ಸೋತಂಗ. ಈ ವಯಸ್ಸಿನ್ಯಾಗ ಓಣಿ ಮಂದಿ ಮುಂದ ಸೋಲ್ಲೇನು?” ಅಷ್ಟು ದೊಡ್ಡ ಮೈಯ ಮನುಷ್ಯನಿಗೆ ಹೆದರಿಕೆ ಇತ್ತು.

ನಮ್ಮ ಕಡೆ ಕುಸ್ತಿ ಕಣದಲ್ಲಿ ಒಂದು ಪದ್ಧತಿ ಇದೆ. ಜೋಡಿ ಬೇಕಾದ ಪೈಲ್ವಾನ ಕೈ ಎತ್ತಿ ಕಣ ಸುತ್ತುತ್ತಾನೆ. ಯಾರು ಬಂದು ಆ ಕೈಗೆ ಕೈ ಕೊಡುತ್ತಾರೋ ಅವರ ಜೊತೆ ಕುಸ್ತಿ ಪಕ್ಕಾ. ಕೈ ಕೊಟ್ಟ ಮೇಲೆ ಹಿಂದೆ ಸರಿಯುವಂತಿಲ್ಲ. ನಿಕಾಲಿ ಕುಸ್ತಿ ಅಂದರೆ ಸಮ ಮಾಡಿ ಬಿಡುವುದೂ ಇಲ್ಲ, ಒಬ್ಬರು ಗೆಲ್ಲಲೇಬೇಕು.

ಮರುದಿನ ಬೆಳಿಗ್ಗೆ ಮಳೆ ಹೊಳವಾಗಿತ್ತು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಲಗೈ ಎತ್ತಿದಳು. ಅಪ್ಪನ ಕುರ್ಚಿಯ ಸುತ್ತ ಗಂಭೀರವಾಗಿ ಒಂದು ಸುತ್ತು ಹಾಕಿದಳು.

“ಏನ ನಡಿಸೀದಿ ಇದು?” ಅಂದ ಅಪ್ಪ.

“ಜೋಡಿ ಹುಡುಕಾಕತ್ತೀನ್ರಿ. ಗೇಟಿನ ತನಕ ನಿಕಾಲಿ ಕುಸ್ತಿ. ಈ ಮನ್ಯಾಗ ಪೈಲ್ವಾನ್ರು ಯಾರರ ಅದಾರೇನು?”

ನನ್ನ ಗಂಡ ಏಳಲು ಹೊರಟರು, ಚಿವುಟಿ ಕೂರಿಸಿದೆ. ಅವ್ವ ಅಪ್ಪನ ಎದುರು ಬಂದು ಕೈ ಚಾಚಿದಳು. ಅಪ್ಪನ ಕೈ ಹಳೇ ರೂಢಿಗೆ ತಾನೇ ಮೇಲೆದ್ದು ಆ ಕೈಗೆ ಚಟ್ಟನೆ ಬಡಿಯಿತು. ಬಡಿದ ಮೇಲೆ ಗೊತ್ತಾಯಿತು ಅವನಿಗೆ.

“ಮೋಸ!”

“ಕೈ ಕೊಟ್ಟಾತು. ಏಳ್ರಿ.”

ಅಪ್ಪ ಎದ್ದ. ಟವೆಲ್ ತೆಗೆದು ವಾಕರ್ ಹಿಡಿದ. ಅವ್ವ ಅವನಿಗೆ ಎದುರಾಗಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ನಡೆದಳು. ಮೆಟ್ಟಿಲ ಹತ್ತಿರ ಅಪ್ಪ ತಡೆದು ನಿಂತ. “ಬೀಳ್ತೀನಿ” ಅಂದ, ಸಣ್ಣ ದನಿಯಲ್ಲಿ.

“ನನ್ನ ಮ್ಯಾಲ ಬೀಳ್ರಿ. ಮಣ್ಣಿಗೆ ಬೆನ್ನ ಹತ್ತೂದು ನಂದು, ಸೋಲೂ ನಂದು.”

ಅಪ್ಪ ಮೆಟ್ಟಿಲು ಇಳಿದ. ಬೆವರುತ್ತ, ನಡುನಡುವೆ ನಿಲ್ಲುತ್ತ, ಕೊನೆಗೂ ಗೇಟು ಹಿಡಿದುಕೊಂಡ. ಅವ್ವ ಬಾಗಿ ದಾಸವಾಳದ ಕುಂಡದಿಂದ ಚಿಟಿಕೆ ಮಣ್ಣು ತೆಗೆದು, ಗೆದ್ದವನ ಹಣೆಗೆ, ವಿಭೂತಿಯ ಕೆಳಗೆ ಹಚ್ಚಿದಳು. ಇಬ್ಬರ ಕಣ್ಣೂ ಒದ್ದೆ. ನಾನಂತೂ ಅಳುತ್ತಲೇ ಇದ್ದೆ.

“ಈಗ ಹೇಳ್ರಿ ಮಾವಾರ, ಎಲ್ಲಾದಕ್ಕಿಂತ ಕಠಿಣ ಆಟ ಯಾವುದು?” ಎಂದು ನನ್ನ ಗಂಡ ಕೇಳಿದರು.

ಅಪ್ಪ ತಿರುಗಿ ನೋಡಿದ. ಮನೆಯ ಬಾಗಿಲು ಬಹಳ ದೂರ ಕಂಡಿರಬೇಕು.

“ಅದನ್ನ ಆಮ್ಯಾಲ ಹೇಳ್ತೀನಿ. ಮೊದಲ ಒಂದು ಕಪ್ಪ ಚಹಾ ಇಲ್ಲೇ ತರ್ರಿ.”

“ಚಹಾ ಒಳಗ ಐತ್ರಿ,” ಅಂದಳು ಅವ್ವ, ಮತ್ತೆ ಕೈ ಎತ್ತುತ್ತ. “ಆಟದ ನಡುವ ಚಹಾ ಕುಡಿಯೂದು ಆಟನ ಅಲ್ಲ ಅಂತ ನೀವ ಹೇಳೀರಿ.”