ಬುದ್ಧಿ ಹೇಳುವವರಿಗೆ ಕ್ಷೌರವಿಲ್ಲ

ಸಲೂನಿನವನಿಗೆ ಕತ್ತರಿ ಹಿಡಿಯಲು ಬರುತ್ತಿತ್ತು, ಬಾಯಿಬಿಟ್ಟು ‘ಆಗಲ್ಲ’ ಅನ್ನಲು ಬರುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ನಿವೃತ್ತ ಮೇಷ್ಟ್ರು ಅವನ ಕುರ್ಚಿಯಲ್ಲಿ ಕೂತು, “ಕಿವಿ ಮೇಲೆ ಸ್ವಲ್ಪ ತೆಗಿ... ಸಾಕು... ಕತ್ತರಿ ಓರೆ ಹಿಡಿ” ಎಂದು ಪಾಠ ನಡೆಸುತ್ತಿದ್ದರು. ಮೂರನೇ ಕ್ಲಾಸಿನಲ್ಲಿ ಇವನ ಕಿವಿ ಹಿಂಡಿದವರು. ಅವರ ಕಿವಿ ಈಗ ತನ್ನ ಕೈಯಲ್ಲಿದ್ದರೂ ಎದುರಾಡಲು ಅವನಿಗೆ ನಾಲಿಗೆ ಏಳದು. ಅದಕ್ಕೇ ಆ ಬೆಳಿಗ್ಗೆ ಸುತ್ತಿಗೆ ಹಿಡಿದು ಬಾಗಿಲಿಗೆ ಬೋರ್ಡು ಹೊಡೆದ: “ಬುದ್ಧಿ ಹೇಳುವವರಿಗೆ ಇಲ್ಲಿ ಕ್ಷೌರ ಮಾಡುವುದಿಲ್ಲ.”

ಮೊದಲು ಬಂದವನು ಪಕ್ಕದಂಗಡಿಯ ಟೈಲರ್.

“ಕನ್ನಡಿ ಸೊಟ್ಟಗಿದೆ ಅಂತ ನಿನ್ನೆ ಒಂದು ಮಾತು ಅಂದಿದ್ದಕ್ಕೆ ಬೀದಿಗೆಲ್ಲ ಕಾಣೋ ಹಾಗೆ ಬರೆದುಬಿಟ್ಯಾ?”

“ಅಯ್ಯೋ, ನಿನಗಲ್ಲ ಮಾರಾಯ!”

“ಮತ್ಯಾರಿಗೆ?”

ಹೆಸರು ಹೇಳುವ ಧೈರ್ಯವಿದ್ದಿದ್ದರೆ ಬೋರ್ಡು ಯಾಕೆ ಬೇಕಿತ್ತು? ಅವನು ಕನ್ನಡಿ ನೆಟ್ಟಗೆ ಮಾಡಲು ಹೋದ. ಟೈಲರ್ ಗಡ್ಡ ಕೆರೆದುಕೊಳ್ಳುತ್ತಾ ಹೊರಟುಹೋದ.

ಔಷಧಿ ಅಂಗಡಿಯವನು ಹೊಸ್ತಿಲಲ್ಲೇ ನಿಂತು ನ್ಯಾಯ ತೆಗೆದ. “ಮೆಷಿನ್ ಹಾಕು ಅಂದಿದ್ದಕ್ಕೆ ಈ ಬೋರ್ಡಾ? ಅಂಗಡಿ ನಿಂದು, ಗಿರಾಕಿ ಬೇಡ ಅನ್ನೋ ಹಕ್ಕೂ ನಿಂದೇ. ನನಗೂ ಅಂಗಡಿ ಇದೆಯಪ್ಪ. ಇವತ್ತಿಂದ ನಿನ್ನ ತಲೆನೋವಿನ ಮಾತ್ರೆ ಬೇರೆ ಕಡೆ ತಗೋ.”

ಮಧ್ಯಾಹ್ನ ಊಟದ ಡಬ್ಬಿ ತಂದ ಹೆಂಡತಿ ಬೋರ್ಡು ಓದಿದಳು. “ಈ ಬೀದೀಲಿ ನಿಮಗೆ ಬುದ್ಧಿ ಹೇಳೋಳು ನಾನಲ್ದೆ ಇನ್ಯಾರು? ನಾನೂ ಅಡುಗೆಮನೆಗೊಂದು ಬೋರ್ಡು ಬರೆಸ್ತೀನಿ!” ಎಂದು ಡಬ್ಬಿ ಸಮೇತ ಟೈಲರ್ ಅಂಗಡಿಗೆ ಹೋಗಿ ಕೂತಳು.

ಮೂರು ಗಂಟೆಯಾದರೂ ಒಂದು ತಲೆಯೂ ಬರಲಿಲ್ಲ. ನಾಳೆಯೂ ಹೀಗೇ ಆದರೆ ಅಂಗಡಿಗೆ ಬೀಗವೇ ಗತಿ ಎಂದು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಆಗ ಮೇಷ್ಟ್ರು ಬಂದರು. ಕನ್ನಡಕ ಏರಿಸಿ ಬೋರ್ಡನ್ನು ಎರಡು ಸಲ ಓದಿದರು.

“ನನಗೇ ತಾನೆ ಇದು?”

ಅವನು ಬಗ್ಗಿ ಕುರ್ಚಿ ಒರೆಸತೊಡಗಿದ.

“ಸರಿಯಾಗೇ ಬರೆದಿದ್ದೀಯ. ಇನ್ನು ತುಟಿ ಬಿಚ್ಚಲ್ಲ, ಕತ್ತರಿಸು.” ಕಣ್ಣು ಮುಚ್ಚಿ ಕೂತ ಆ ಮುದುಕನನ್ನು ನೋಡಿ ಅವನಿಗೆ ಪಾಪ ಅನ್ನಿಸಿತು.

ಕತ್ತರಿ ಶುರುವಾಯಿತು. ಆದರೆ ಆ ತಲೆಯ ಮೇಲೆ ಅದು ಇಷ್ಟು ವರ್ಷ ನಡೆದದ್ದು ‘ತೆಗಿ’ ಅಂದಾಗ, ನಿಂತದ್ದು ‘ಸಾಕು’ ಅಂದಾಗ. ಸಾಕು ಅನ್ನುವವರಿಲ್ಲದೆ ಕೈ ನಿಲ್ಲಲೇ ಇಲ್ಲ. ಎಡಕ್ಕೆ ಹೆಚ್ಚಾಯಿತು. ಸರಿದೂಗಿಸಲು ಬಲಕ್ಕೆ ಹೋದ, ಅಲ್ಲಿ ಇನ್ನೂ ಹೆಚ್ಚಾಯಿತು.

“ಸಾರ್, ಸಾಕಾ?”

ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟು ಬಾಗಿಲಿನ ಬೋರ್ಡು ತೋರಿಸಿದರು. ಅವನು ಓಡಿಹೋಗಿ ಬೋರ್ಡು ಕಿತ್ತು ತಂದ. “ದಮ್ಮಯ್ಯ, ಏನಾದ್ರೂ ಹೇಳಿ ಸಾರ್!”

ಬೋರ್ಡು ಇಳಿದದ್ದೇ ತಡ, ಬೀದಿಯೇ ಒಳಗೆ ನುಗ್ಗಿತು. “ಎಡಕ್ಕೆ ಕಾಲಿಂಚು ಜಾಸ್ತಿ ಹೋಗಿದೆ” ಎಂದು ಟೈಲರ್ ಟೇಪು ಹಿಡಿದ. “ಕತ್ತರಿ ಬಿಡು, ಮೆಷಿನ್ ಹಾಕು” ಎಂದ ಔಷಧಿ ಅಂಗಡಿಯವನು. “ಮೊದಲು ಊಟ ಮಾಡಿ, ಕತ್ತರಿ ಆಮೇಲೆ” ಎಂದು ಹೆಂಡತಿ ಡಬ್ಬಿ ಬಿಚ್ಚಿದಳು.

ಮೇಷ್ಟ್ರು ಕುರ್ಚಿಯ ಕೈ ಗುದ್ದಿ ಗರ್ಜಿಸಿದರು: “ಮತ್ತೆ ಹಾಕಯ್ಯ ಆ ಬೋರ್ಡು! ಕೆಲಸ ಮಾಡೋನಿಗೆ ಬುದ್ಧಿ ಹೇಳೋ ಜನಾನ ಕಂಡ್ರೆ ನನಗಾಗಲ್ಲ... ಅಯ್ಯಯ್ಯೋ, ಸುತ್ತಿಗೆ ಹಾಗಲ್ಲವೋ ಹಿಡಿಯೋದು!”