ಮೂರನೇ ಸಾಲಿನ ಡೆಸ್ಕಿನ ಮೇಲಿನ ಬರಹವನ್ನು ಅಳಿಸದಿರುವ ಬಗ್ಗೆ

ಪ್ರಾಂಶುಪಾಲರ ಕಚೇರಿ
ದ್ವೇಷ ತಡೆ ಮತ್ತು ಸೌಹಾರ್ದ ಸಮಿತಿ
ಸಂಖ್ಯೆ: ದ್ವೇತಸೌಸ/ಡೆಸ್ಕು/ಗಾಜು/07

ಸುತ್ತೋಲೆ

ವಿಷಯ: ವಿದ್ಯಾರ್ಥಿನಿಯೊಬ್ಬಳನ್ನು ಹೀಯಾಳಿಸಿ ಡೆಸ್ಕಿನ ಮೇಲೆ ಬರೆದಿರುವ ಸಾಲಿನ ಸಂರಕ್ಷಣೆ, ಕಾವಲು ಮತ್ತು ಶುಚಿತ್ವ.

ಉಲ್ಲೇಖ: (ಅ) ವಿದ್ಯಾರ್ಥಿನಿಯ ಮೌಖಿಕ ದೂರು: "ಸರ್, ಅದನ್ನ ಅಳಿಸ್ಬಿಡಿ, ಸಾಕು."
(ಆ) ಸಮಿತಿಯ ಸಭೆ, ಚಹಾ ಸಹಿತ.

ದೂರದ ಊರಿನಿಂದ ಬಂದು ಈ ವರ್ಷ ಸೇರಿದ, ಮಾತಿನ ಧಾಟಿ ಬೇರೆಯಿರುವ ವಿದ್ಯಾರ್ಥಿನಿಯು ಕೂರುವ ಡೆಸ್ಕಿನ ಮೇಲೆ "ಈ ಜಾಗ ನಿಮ್ಮಂಥವರಿಗಲ್ಲ, ಗಂಟುಮೂಟೆ ಕಟ್ಟು" ಎಂದು ಮಾರ್ಕರಿನಲ್ಲಿ ಬರೆದಿರುವುದು ಗಮನಕ್ಕೆ ಬಂದಿದೆ. ಸಮಿತಿಯು ತೀವ್ರವಾಗಿ ನೊಂದುಕೊಂಡಿದ್ದು, ನೊಂದುಕೊಂಡಿದ್ದನ್ನು ನಡಾವಳಿಯಲ್ಲಿ ದಾಖಲಿಸಲಾಗಿದೆ. ಈವರೆಗಿನ ಸೂಚನೆಗಳನ್ನು ಒಟ್ಟುಗೂಡಿಸಿ, ಕೊನೆಗೆ ಆದದ್ದನ್ನೂ ಸೇರಿಸಿ ಎಲ್ಲರ ಅವಗಾಹನೆಗೆ ತರಲಾಗಿದೆ.

1. ಸದರಿ ಬರಹವು ಸಾಕ್ಷ್ಯವಾದ್ದರಿಂದ ಯಾರೂ ಅಳಿಸತಕ್ಕದ್ದಲ್ಲ. ಒದ್ದೆ ಬಟ್ಟೆ ತಂದು ಉಜ್ಜಲು ಹೋದ ವಿದ್ಯಾರ್ಥಿನಿಗೆ ಸಾಕ್ಷ್ಯನಾಶದ ನೋಟಿಸು ನೀಡಲಾಗಿದೆ. ನೋಟಿಸು ತೆಗೆದುಕೊಂಡ ಆಕೆ "ಥ್ಯಾಂಕ್ಸ್ ಸರ್" ಎಂದಿದ್ದು, ನೋಟಿಸು ಕೊಟ್ಟ ಸಂಚಾಲಕರಿಗೆ (ಅಂದರೆ ಕೆಳಗೆ ಸಹಿ ಮಾಡಿರುವ ಉಪಪ್ರಾಂಶುಪಾಲರಿಗೆ) ಅದು ಇನ್ನೂ ಜೀರ್ಣವಾಗಿಲ್ಲ.

2. ಅಕ್ಷರಗಳು ಮಾಸದಂತೆ ಡೆಸ್ಕಿಗೆ ಗಾಜು ಹೊದಿಸಲಾಗಿದ್ದು, ಓದಲು ತೊಂದರೆಯಾಗದಂತೆ ದಿನಾ ಬೆಳಿಗ್ಗೆ ಗಾಜನ್ನು ಒರೆಸತಕ್ಕದ್ದು. ಬೇರೆ ವಿಭಾಗದವರೂ ಹಿಂಡು ಹಿಂಡಾಗಿ ನೋಡಲು ಬರುತ್ತಿರುವುದರಿಂದ ಮುಂಬಾಗಿಲಿನಿಂದ ಒಳಬಂದು ಹಿಂಬಾಗಿಲಿನಿಂದ ಹೊರಹೋಗತಕ್ಕದ್ದು. ನಗುವವರು ವರಾಂಡಕ್ಕೆ ಹೋಗಿ ನಗತಕ್ಕದ್ದು.

3. ಡೆಸ್ಕಿಗೆ ಸೀಲು ಬಿದ್ದಿರುವುದರಿಂದ ವಿದ್ಯಾರ್ಥಿನಿಯು ಕಿಟಕಿಯ ಕಟ್ಟೆಯ ಮೇಲೆ ಕೂತು ಪಾಠ ಬರೆದುಕೊಳ್ಳತಕ್ಕದ್ದು. ಇದನ್ನು ತಾರತಮ್ಯವೆಂದು ಭಾವಿಸಕೂಡದು. ಅಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ಆಕೆಯನ್ನು ಮಾತನಾಡಿಸಿದರೆ ಸಾಕ್ಷಿಯ ಮೇಲೆ ಪ್ರಭಾವ ಬೀರಿದಂತಾಗುವುದರಿಂದ ಸಹಪಾಠಿಗಳು ದೂರದಿಂದಲೇ ಸೌಹಾರ್ದ ತೋರತಕ್ಕದ್ದು. ತಲೆಯಾಡಿಸಲು ಅಡ್ಡಿಯಿಲ್ಲ.

4. ಬರಹದ ಕೆಳಗೆ 'ಬುಲೆಟ್' ಎಂದು ಸಹಿ ಇದೆ. ಕಾಲೇಜಿನಲ್ಲಿ ಆ ಅಡ್ಡಹೆಸರಿನವನು ಒಬ್ಬನೇ ಇದ್ದು, ವಿಚಾರಿಸಿದಾಗ "ಹೂಂ ಸರ್, ನಾನೇ ಬರ್ದಿದ್ದು, ಸುಮ್ನೆ ತಮಾಷೆಗೆ" ಎಂದಿರುತ್ತಾನೆ. ಆದರೆ ಯಾರ ಬಗ್ಗೆಯೂ ಪೂರ್ವಗ್ರಹ ಸಲ್ಲದೆಂಬುದೇ ಸಮಿತಿಯ ಧ್ಯೇಯವಾದ್ದರಿಂದ, ಬರೆದವರು ಯಾರೆಂದು ಮುಕ್ತ ಮನಸ್ಸಿನಿಂದ ಹುಡುಕಲಾಗುತ್ತಿದೆ. ಹುಡುಕಾಟಕ್ಕೆ ಬುಲೆಟ್ ತುಂಬು ಸಹಕಾರ ನೀಡುತ್ತಿದ್ದಾನೆ.

5. ಅಳುತ್ತಾ ಕೊಟ್ಟ ದೂರನ್ನು ಭಾವೋದ್ವೇಗದ್ದೆಂದೂ, ಅಳದೆ ಕೊಟ್ಟ ದೂರನ್ನು ಗಂಭೀರವಲ್ಲವೆಂದೂ ಪರಿಗಣಿಸಲಾಗುವುದು. ಅವಮಾನಕ್ಕೆ ಒಳಗಾಗಲಿರುವವರು ಮುಂಚಿತವಾಗಿಯೇ ತಿಳಿಸಿದಲ್ಲಿ ಸಭೆ ಕರೆಯಲು ಅನುಕೂಲವಾಗುತ್ತದೆ.

6. ಸೋಮವಾರ ವಿದ್ಯಾರ್ಥಿನಿಯು ವರ್ಗಾವಣೆ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಿ, ಕಾಲೇಜು ಬಿಡಲು ಕಾರಣವೇನೆಂಬಲ್ಲಿ "ಡೆಸ್ಕಿನ ಮೇಲೆ ಬರೆದಿರುವಂತೆ" ಎಂದು ನಮೂದಿಸಿರುತ್ತಾಳೆ. ಅಂದಿನಿಂದ ತರಗತಿಗೆ ಬಂದಿರುವುದಿಲ್ಲ. ಸಮಿತಿಯು ಇದನ್ನು ದೂರಿನ ಶಾಂತಿಯುತ ಇತ್ಯರ್ಥವೆಂದು ಸ್ವಾಗತಿಸಿತು. ಸಂಚಾಲಕರಿಗೆ ಮಾತ್ರ ಅರ್ಜಿಗೆ ಸಹಿ ಹಾಕಲು ಕೈ ಬರಲಿಲ್ಲವೆಂಬುದನ್ನು ಈ ಮೂಲಕ ಒಪ್ಪಿಕೊಳ್ಳಲಾಗಿದೆ.

7. ತರುವಾಯ, ಸಾಕ್ಷ್ಯವನ್ನು ಖುದ್ದು ಕಾಯುವ ನೆಪ ಹೂಡಿ ಸಂಚಾಲಕರು ಡೆಸ್ಕನ್ನು ಗಾಜಿನ ಸಮೇತ ತಮ್ಮ ಕೊಠಡಿಗೆ ತರಿಸಿಕೊಂಡು, ಅದರ ಹಿಂದೆ ಕೂತು ಕಡತ ನೋಡತೊಡಗಿದರು. ಬಂದವರೆಲ್ಲ ಮೊದಲು ಗಾಜಿನಡಿಯ ಸಾಲನ್ನೂ ಆಮೇಲೆ ಅವರ ಮುಖವನ್ನೂ ನೋಡಿ, ಬಂದ ಕೆಲಸ ಹೇಳದೆ ವಾಪಸಾದರು. ಒಂದೇ ದಿನಕ್ಕೆ ಸಂಚಾಲಕರಿಗೆ ಸಾಕುಸಾಕಾಯಿತು. ಸಂಜೆಗೆ ಬಂದ ಆಡಳಿತ ಮಂಡಳಿಯ ಅಧ್ಯಕ್ಷರು ಅದನ್ನು ಓದಿ ಕೆಂಡಾಮಂಡಲವಾಗಿ, "ಉಪಪ್ರಾಂಶುಪಾಲರಿಗೇ ಹೀಗೆ ಬರೀತಾನಾ? ಇದು ದ್ವೇಷ ಅಲ್ದೆ ಇನ್ನೇನ್ರೀ? ಏನ್ ಕತ್ತೆ ಕಾಯ್ತಿದೆಯಾ ನಿಮ್ಮ ಸಮಿತಿ?" ಎಂದು ಗುಡುಗಿದರು. ಅರ್ಧ ಗಂಟೆಯೊಳಗೆ ಬಡಗಿ ಬಂದು ಮರವನ್ನು ಕೆತ್ತಿ ನಯ ಮಾಡಿದ. ಬುಲೆಟ್ ಅಮಾನತಾದ. ಸಾಕ್ಷ್ಯವಾಗಲಿ, ಮುಕ್ತ ಮನಸ್ಸಾಗಲಿ ಅಡ್ಡ ಬರಲಿಲ್ಲ.

8. ಈ ಅನುಭವದ ಮೇರೆಗೆ 1ರಿಂದ 5ರವರೆಗಿನ ಸೂಚನೆಗಳನ್ನು ರದ್ದುಪಡಿಸಿ ಆದೇಶಿಸಿದೆ: ಇನ್ನು ಮುಂದೆ ಯಾವ ವಿದ್ಯಾರ್ಥಿಯನ್ನು ಹೀಯಾಳಿಸಿ ಎಲ್ಲಿ ಬರೆದಿದ್ದರೂ, ಅದನ್ನು ತಕ್ಷಣ ಹೊತ್ತು ತಂದು ಹಿರಿಯ ಅಧಿಕಾರಿಯೊಬ್ಬರ ಮುಂದೆ, ಅವರನ್ನೇ ಕುರಿತದ್ದೆಂದು ತೋರುವಂತೆ ಇರಿಸತಕ್ಕದ್ದು. ಗೋಡೆಯ ಮೇಲಿದ್ದಲ್ಲಿ ಅಧಿಕಾರಿಯನ್ನೇ ಕುರ್ಚಿ ಸಮೇತ ಗೋಡೆಯ ಬಳಿಗೆ ಒಯ್ಯತಕ್ಕದ್ದು.

(ಸಹಿ)
ಉಪಪ್ರಾಂಶುಪಾಲರು ಹಾಗೂ ಸಂಚಾಲಕರು

ಪ್ರತಿಗಳು:
ಅಧ್ಯಕ್ಷರಿಗೆ, ಅವರ ಸಿಟ್ಟಿಗೆ ಕೃತಜ್ಞತೆಗಳೊಂದಿಗೆ.
ಸಮಿತಿಯ ಸದಸ್ಯರಿಗೆ, ಚಹಾ ಇಲ್ಲದೆ.
ಬಡಗಿಗೆ, ಮಾದರಿ ಕ್ರಮಕ್ಕಾಗಿ.
ವಿದ್ಯಾರ್ಥಿನಿಗೆ, ಅಂಚೆಯಲ್ಲಲ್ಲ, ಸಂಚಾಲಕರೇ ಹಾಸ್ಟೆಲಿಗೆ ಒಯ್ದು ಕೊಡುವುದು: ಡೆಸ್ಕು ಮೂರನೇ ಸಾಲಿಗೆ ಮರಳಿದೆ. ನಿನ್ನ ಅರ್ಜಿಗೆ ಸಹಿಯಾಗಿಲ್ಲ. ಪಕ್ಕದಲ್ಲಿ ಕೂರುತ್ತೇವೆಂದು ಇಬ್ಬರು ಕೇಳಿಕೊಂಡು ಬಂದಿದ್ದಾರೆ. ಬಾಮ್ಮ.