ಮಾವನ ಕಿವಿ, ಅಳಿಯನ ಮೀಟಿಂಗು

"ಇನ್ನು ಮುಂದೆ ಈ ಮನೆಯಲ್ಲಿ ಯಾರೂ ಕೂಗಿ ಮಾತಾಡಬೇಕಾಗಿಲ್ಲ!" ಎಂದು ಅಳಿಯ ಘೋಷಿಸಿದ. ಈ ಘೋಷಣೆಯನ್ನೂ ಅವನು ಕೂಗಿಯೇ ಮಾಡಬೇಕಾಯಿತು. ಏಕೆಂದರೆ ಅದು ತಲುಪಬೇಕಾಗಿದ್ದ ಮಾವ ಎದುರಿನ ಕುರ್ಚಿಯಲ್ಲೇ ಕೂತು, "ಆಯ್ತು, ಆಯ್ತು" ಎಂದು ತಲೆಯಾಡಿಸುತ್ತಿದ್ದರು.

ಮಾವ ಮರ ಕೊಯ್ಯುವ ಮಿಲ್ಲಿನಲ್ಲಿ ಫೋರ್‌ಮನ್ ಆಗಿದ್ದವರು. ಗರಗಸದ ಚಕ್ರದ ಪಕ್ಕದಲ್ಲೇ ಆಯುಷ್ಯ ಸವೆಸಿದ್ದರಿಂದ, ನಿವೃತ್ತಿಯ ದಿನ ಮಿಲ್ಲಿನವರು ಹಾರ ಹಾಕಿ ಕಳಿಸುವಾಗ ಅವರ ಕಿವಿಗಳನ್ನು ಅಲ್ಲೇ ಇಟ್ಟುಕೊಂಡು ಕಳಿಸಿದ್ದರು. ಮಗಳ ಮನೆಗೆ ಬಂದ ಮೇಲೆ ಯಾರು ಏನು ಕೇಳಿದರೂ ಅವರದು ಒಂದೇ ಉತ್ತರ, "ಆಯ್ತು". ಕಾಫಿ ಬೇಕಾ ಎಂದರೂ ಆಯ್ತು, ಕಾಫಿ ಆಯ್ತಾ ಎಂದರೂ ಆಯ್ತು. ಹೀಗಾಗಿ ಕೆಲವು ದಿನ ಅವರಿಗೆ ಎರಡು ಸಲ ಕಾಫಿ ಸಿಗುತ್ತಿತ್ತು, ಕೆಲವು ದಿನ ಸಿಗುತ್ತಲೇ ಇರಲಿಲ್ಲ.

ಅಳಿಯನಾದರೋ ಕಂಪ್ಯೂಟರ್ ಜಗತ್ತಿನ ಮಹಾಪಂಡಿತ. ಆಫೀಸಿನಲ್ಲಿ ಅವನಿಗೆ ಬೆನ್ನ ಹಿಂದೆ 'ರೀಸ್ಟಾರ್ಟ್' ಎಂದು ಹೆಸರು. ಯಾರು ಯಾವ ತೊಂದರೆ ಹೇಳಿಕೊಂಡು ಬಂದರೂ ಅವನು ಕೊಡುವ ಮೊದಲ ಮದ್ದು ಅದು. ಎರಡನೆಯ ಮದ್ದು ಉಪನ್ಯಾಸ. ಭೂಮಿಯ ಮೇಲೆ ಪ್ಲಗ್ ಇರುವ ಯಾವ ವಸ್ತುವಿನ ಬಗ್ಗೆಯೂ ಅವನಿಗೊಂದು ಖಚಿತ ಅಭಿಪ್ರಾಯವಿತ್ತು. ಪ್ರಿಂಟರ್ ಯಂತ್ರವೇ ಅಲ್ಲ, ಮುನಿಸಿಕೊಂಡ ನೆಂಟ. ಏನು ಬಡಿಸಿದರೂ ಗಂಟಲಿಗೆ ಸಿಕ್ಕಿಸಿಕೊಂಡು ಕೂರುತ್ತದೆ. ಚಾರ್ಜರ್ ಎರವಲು ಕೇಳುವವನು ನಾಳೆ ಹಲ್ಲುಜ್ಜುವ ಬ್ರಷ್ಷನ್ನೂ ಕೇಳಿಯಾನು. ಕೈಪಿಡಿ ಓದಿ ಯಂತ್ರ ನಡೆಸುವವನು ಚೀಟಿ ನೋಡಿಕೊಂಡು ಹೆಂಡತಿಯನ್ನು ಮಾತಾಡಿಸುವವನ ಹಾಗೆ. ಎಲ್ಲಕ್ಕಿಂತ ಮುಖ್ಯವಾಗಿ, ಮೀಟಿಂಗ್ ಶುರುವಾದ ಮೇಲೆ "ನನ್ನ ಧ್ವನಿ ಕೇಳಿಸ್ತಿದೆಯಾ?" ಎನ್ನುವವನು, ಬೀದಿಗೆ ಬಂದ ಮೇಲೆ "ನಾನು ಪ್ಯಾಂಟ್ ಹಾಕಿದೀನಾ?" ಎಂದು ಕೇಳಿದವನಿಗೆ ಸಮ. ಈ ಕೊನೆಯ ಸೂಕ್ತಿಯನ್ನು ಅವನು ಆ ವಾರವಷ್ಟೇ ಇಡೀ ಆಫೀಸಿನ ಎದುರು ಹೇಳಿ ಚಪ್ಪಾಳೆ ಗಿಟ್ಟಿಸಿದ್ದ.

ಇಂಥವನು ಮಾವನಿಗೆ ಶ್ರವಣಯಂತ್ರ ಕೊಡಿಸಲು ಹೋದ. ಅದು ಬೀನ್ಸ್ ಕಾಳಿನಷ್ಟು ಸಣ್ಣದು. ಫೋನಿಗೂ ಕಂಪ್ಯೂಟರಿಗೂ ತಂತಿಯಿಲ್ಲದೆ ಜೋಡಣೆಯಾಗುವಂಥದ್ದು. ಕ್ಲಿನಿಕ್ಕಿನ ಹುಡುಗಿ ಅದನ್ನು ಮಾವನ ಫೋನಿಗೆ ತಾನೇ ಜೋಡಿಸಿಕೊಡುತ್ತೇನೆ, ಅರ್ಧ ಗಂಟೆ ಕೂತರೆ ಎಲ್ಲ ತೋರಿಸುತ್ತೇನೆ ಎಂದಳು. ಅಳಿಯ ನಕ್ಕುಬಿಟ್ಟ. ತನ್ನ ಹೊಟ್ಟೆಪಾಡೇ ಇದು, ಮನೆಯಲ್ಲಿ ಹತ್ತು ನಿಮಿಷದಲ್ಲಿ ಮುಗಿಸುತ್ತೇನೆ ಎಂದ. ಹುಡುಗಿ ಅವನನ್ನು ಬಿಟ್ಟು ಮಾವನ ಕಡೆ ತಿರುಗಿ, "ಈ ವಾರದಲ್ಲಿ ಯಾವಾಗಾದ್ರೂ ನಾವೇ ಫೋನ್ ಮಾಡಿ ವಿಚಾರಿಸ್ತೀವಿ ತಾತ. ನಮ್ಮ ಮಾತು ಸೀದಾ ನಿಮ್ಮ ಕಿವಿಗೇ ಬರುತ್ತೆ. ಏನು ತೊಂದ್ರೆ ಇದ್ರೂ ಮುಚ್ಚಿಡದೆ ಹೇಳಿ" ಎಂದಳು. ಮಾವ ಆಯ್ತು ಎಂದರು. ಈ ಸಲ ಯಂತ್ರ ಕಿವಿಯಲ್ಲಿದ್ದುದರಿಂದ ಅವರಿಗೆ ನಿಜವಾಗಿಯೂ ಕೇಳಿಸಿತ್ತು.

ಹತ್ತು ನಿಮಿಷದ ಕೆಲಸ ಎರಡು ದಿನ ಹಿಡಿಯಿತು. ಮಾವನ ಫೋನು ಯಂತ್ರವನ್ನು ಗುರುತೇ ಹಿಡಿಯಲೊಲ್ಲದು. ಕೊನೆಗೆ ದೋಷ ಎಲ್ಲಿದೆಯೆಂದು ಪತ್ತೆ ಹಚ್ಚಲು ಅಳಿಯ ಅದನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ ಒಂದು ಹಾಡು ಹಾಕಿದ. ಮಾವ ಕೂತಲ್ಲೇ ತಾಳ ಹಾಕಿದರು. ಯಂತ್ರ ಸರಿಯಿದೆ, ಫೋನೇ ಹಳೆಯದು ಎಂದು ತೀರ್ಪಾಯಿತು. ಎರಡು ಸಲ ರೀಸ್ಟಾರ್ಟ್ ಮಾಡಿದ ಮೇಲೆ ಫೋನೂ ಒಪ್ಪಿಕೊಂಡಿತು. ಅಳಿಯ ಕೈ ಒರೆಸಿಕೊಂಡು ಎದ್ದ. ಲ್ಯಾಪ್‌ಟಾಪಿನ ಜೋಡಣೆ ಬಿಡಿಸುವುದನ್ನು ಮರೆತ.

ಅದಾದ ಮೇಲೆ ಅವನು ದಿನವೂ ಆಫೀಸಿಗೆ ಹೋಗುತ್ತಿದ್ದುದರಿಂದ ಏನೂ ಆಗಲಿಲ್ಲ. ಆಗಿದ್ದು ಶುಕ್ರವಾರ. ಅಂದು ಬೆಳಿಗ್ಗೆ ಅವನ ಪಾಲಿಗೆ ಆ ವರ್ಷದ ಅತಿ ದೊಡ್ಡ ಮೀಟಿಂಗ್ ಇತ್ತು. ಊರಿನ ತುಂಬ ಲಾಂಡ್ರಿ ಅಂಗಡಿಗಳಿದ್ದ ಒಬ್ಬ ಹೆಂಗಸಿಗೆ ಅವನು ಒಂದು ವ್ಯವಸ್ಥೆ ಮಾಡಿಕೊಟ್ಟಿದ್ದ. ಗಿರಾಕಿ ಪರದೆ ಮುಟ್ಟಿ ಬಟ್ಟೆ ಹಾಕಬೇಕು, ಒಗೆದು ಮುಗಿದಾಗ ಯಂತ್ರ ತಾನೇ ಕೂಗಿ ಕರೆಯಬೇಕು. ಅದರ ಬಗ್ಗೆ ಲಾಂಡ್ರಿಯ ಒಡತಿ ತಿಂಗಳುಗಟ್ಟಲೆ ದೂರು ಹೇಳಿದ್ದಳು; ಅಳಿಯ ಅಷ್ಟೇ ಶ್ರದ್ಧೆಯಿಂದ ತಪ್ಪೆಲ್ಲ ಗಿರಾಕಿಗಳದೇ ಎಂದು ಉತ್ತರ ಬರೆದಿದ್ದ. ಅವಳ ತಾಳ್ಮೆ ಈಗ ತಳ ಕಂಡಿತ್ತು. ಈ ಮೀಟಿಂಗಿನಲ್ಲಿ ಸಮಾಧಾನವಾಗದಿದ್ದರೆ ವ್ಯವಸ್ಥೆಯನ್ನೇ ಕಿತ್ತು ಹಾಕುವುದಾಗಿ ಹೇಳಿದ್ದಳು. ಹಾಗಾದರೆ ಅದರ ಹಿಂದೆಯೇ ತನ್ನನ್ನೂ ಕಿತ್ತು ಹಾಕುತ್ತಾರೆ ಎಂಬುದು ಅಳಿಯನಿಗೆ ಗೊತ್ತಿತ್ತು. ಮನೆಯಲ್ಲಿ ಮಾತ್ರ ಇದನ್ನು ಹೇಳಿರಲಿಲ್ಲ. ಆಫೀಸಿನ ಗದ್ದಲ ಬೇಡ, ಶಾಂತವಾಗಿ ಮನೆಯಿಂದಲೇ ಮಾತಾಡುತ್ತೇನೆ ಎಂದಷ್ಟೇ ಹೆಂಡತಿಗೆ ಹೇಳಿ, ಕೋಣೆಯ ಬಾಗಿಲು ಹಾಕಿಕೊಂಡ.

ಪರದೆಯ ಮೇಲೆ ಮುಖಗಳು ಮೂಡಿದವು. ಒಂದು ಚೌಕದಲ್ಲಿ ಮ್ಯಾನೇಜರ್, ಇನ್ನೊಂದರಲ್ಲಿ ಹುಬ್ಬು ಗಂಟಿಕ್ಕಿದ ಲಾಂಡ್ರಿ ಒಡತಿ. ತುಟಿಗಳು ಆಡಿದವು. ಧ್ವನಿ ಮಾತ್ರ ಬರಲಿಲ್ಲ.

ಅಳಿಯ ವಾಲ್ಯೂಮ್ ಏರಿಸಿದ. ಅದು ಆಗಲೇ ತುತ್ತತುದಿಯಲ್ಲಿತ್ತು. ಬೆನ್ನ ಮೇಲೆ ಬೆವರಿನ ಒಂದು ಹನಿ ಕೆಳಮುಖವಾಗಿ ಪ್ರಯಾಣ ಹೊರಟಿತು. ಕೇಳಿಸುತ್ತಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳುವುದು ಹೇಗೆ? ಪ್ಯಾಂಟಿನ ಸೂಕ್ತಿಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದವನು ಈ ಮ್ಯಾನೇಜರೇ! ಅಷ್ಟರಲ್ಲಿ ಮ್ಯಾನೇಜರ್ ಹೆಬ್ಬೆರಳೆತ್ತಿ ತೋರಿಸಿದ. ತನ್ನ ಮಾತು ಅವರಿಗೆ ಕೇಳಿಸುತ್ತಿದೆ, ಸದ್ಯ ಅಷ್ಟು ಸಾಕು ಎಂದು ಅಳಿಯ ಧೈರ್ಯ ತಂದುಕೊಂಡ. ಇಷ್ಟಕ್ಕೂ ಮಾತಾಡಬೇಕಾದವನು ತಾನು, ಅವರದೇನಿದೆ? ಗಂಟಲು ಸರಿಮಾಡಿಕೊಂಡು ಶುರು ಮಾಡಿದ.

ಅವನು ಹಾಗೆ ಮಾತಾಡಿದ್ದು ಹಿಂದೆಂದೂ ಇಲ್ಲ. ಕೈ ಬೀಸಿದ, ಬೆರಳು ಮಡಚಿದ, ಮೇಜು ಕುಟ್ಟಿದ. ತನ್ನ ವ್ಯವಸ್ಥೆಯಲ್ಲಿ ಎಳ್ಳಷ್ಟೂ ದೋಷವಿಲ್ಲ, ಗಿರಾಕಿಗಳಿಗೇ ತರಬೇತಿ ಬೇಕು ಎಂದು ಸಾಧಿಸಿದ. ಎದುರಿನವರ ತುಟಿ ಆಡಿದಾಗಲೆಲ್ಲ ತಲೆಯಾಡಿಸಿ "ಆಯ್ತು, ಆಗಬಹುದು" ಎಂದ. ಪರಿಣಾಮವೋ, ಅದ್ಭುತ! ಒಡತಿಯ ಹುಬ್ಬಿನ ಗಂಟು ಸಡಿಲವಾಯಿತು. ಅವಳು ಮುಂದಕ್ಕೆ ಬಾಗಿ ಕೂತಳು. ನಕ್ಕಳು. ಮ್ಯಾನೇಜರ್ ಒಮ್ಮೆ ತಲೆ ಹಿಡಿದುಕೊಂಡ, ಆಮೇಲೆ ಅವನೂ ನಕ್ಕ. ಇಷ್ಟು ಕಿವಿಗೊಟ್ಟು ತನ್ನ ಮಾತನ್ನು ಜೀವಮಾನದಲ್ಲಿ ಯಾರೂ ಕೇಳಿರಲಿಲ್ಲ ಎಂದು ಅಳಿಯನ ಎದೆ ಉಬ್ಬಿತು.

ಆಗ ಹೆಂಡತಿ ಬಾಗಿಲು ತೆರೆದು ಕೈಸನ್ನೆ ಮಾಡಿದಳು. ಅವನು ಹೋಗು ಎಂದು ಕಣ್ಣಲ್ಲೇ ಗದರಿದ. ಅವಳು ಹೋಗಲಿಲ್ಲ, ಗೋಡೆಯ ಅಂಚಿನಲ್ಲೇ ಸರಿದು ಬಂದು ಕಿವಿಯಲ್ಲಿ ಪಿಸುಗುಟ್ಟಿದಳು.

"ರೀ, ಸ್ವಲ್ಪ ಬನ್ನಿ. ಅಪ್ಪ ಹಾಲ್‌ನಲ್ಲಿ ಒಬ್ಬರೇ ಕೂತು ಮಾತಾಡ್ತಿದಾರೆ. ಫೋನ್ ನೋಡಿದ್ರೆ ಅಡುಗೆಮನೇಲಿದೆ. ನಂಗ್ಯಾಕೋ ಭಯ ಆಗ್ತಿದೆ."

"ವಯಸ್ಸಾಯ್ತಲ್ಲ. ಏನು ಮಾತಾಡ್ತಿದಾರೆ?"

"ನಿಮ್ಮ ಬಗ್ಗೆ."

ಅಳಿಯ ಪರದೆಯತ್ತ ನೋಡಿದ. ಅವನು ಮಾತು ನಿಲ್ಲಿಸಿ ಎಷ್ಟೋ ಹೊತ್ತಾಗಿತ್ತು. ಒಡತಿ ಮಾತ್ರ ಯಾರದೋ ಮಾತು ಕೇಳುತ್ತಾ ತಲೆದೂಗುತ್ತಲೇ ಇದ್ದಳು.

ಅವನ ಬೆವರಿನ ಹನಿಗೆ ಈಗ ಸಂಗಾತಿಗಳು ಸಿಕ್ಕವು. ಎದ್ದು ಹಾಲಿಗೆ ಓಡಿದ. ಕಿಟಕಿಯ ಪಕ್ಕದ ಆರಾಮಕುರ್ಚಿಯಲ್ಲಿ ಮಾವ ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಕೈ ಜೋಡಿಸಿಕೊಂಡು, ಖಾಲಿ ಗಾಳಿಯ ಜೊತೆ ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದರು.

ನಡೆದದ್ದು ಇಷ್ಟು. ಲ್ಯಾಪ್‌ಟಾಪು ಬಾಯಿ ತೆರೆದ ಕೂಡಲೇ ಹಳೆಯ ಗುರುತಿನ ಯಂತ್ರವನ್ನು ಕಂಡು, ಮೀಟಿಂಗಿನ ಧ್ವನಿಯನ್ನೆಲ್ಲ ಮಾವನ ಕಿವಿಗೆ ಸುರಿದಿತ್ತು. ಮಾವನ ಧ್ವನಿಯನ್ನು ಮೀಟಿಂಗಿಗೆ ಸಾಗಿಸಿತ್ತು. "ಹಲೋ, ಕೇಳಿಸ್ತಿದೆಯಾ?" ಎಂದು ಮ್ಯಾನೇಜರ್ ಕೇಳಿದಾಗ, ಕ್ಲಿನಿಕ್ಕಿನವರು ಮಾತಿಗೆ ತಪ್ಪದೆ ಫೋನ್ ಮಾಡಿದರಲ್ಲ ಎಂದು ಮಾವನಿಗೆ ಸಂತೋಷವಾಗಿ, "ಚೆನ್ನಾಗಿ ಕೇಳಿಸ್ತಿದೆ, ಹೇಳಿ" ಎಂದಿದ್ದರು. ಅಲ್ಲಿಂದ ಮುಂದೆ ಮೀಟಿಂಗಿಗೆ ಮುಖ ಅಳಿಯನದು, ಮಾತು ಮಾವನದು. ತುಟಿಗೂ ಮಾತಿಗೂ ತಾಳೆಯಾಗದಿದ್ದರೆ ಯಾರು ಬೆರಗಾಗುತ್ತಾರೆ? ನೆಟ್‌ವರ್ಕ್ ಎಂಬುದೇ ಹಾಗೆ. ಮಾವನ ಒಡಕು ಧ್ವನಿಗೆ ನೆಗಡಿ ಕಾರಣ ಎಂದು ಅರ್ಥ ಮಾಡಿಕೊಂಡರು.

ಒಡತಿ ಮೊದಲಿಗೆ, ಇದು ಇಷ್ಟೊಂದು ಕಿರುಚುವುದೇಕೆ ಎಂದು ಕೇಳಿದ್ದಳು. ಹೌದು, ಕೀ ಎಂದು ಕಿರುಚುತ್ತದೆ, ಎದೆ ಧಸಕ್ಕೆನ್ನುತ್ತದೆ ಎಂದು ಮಾವ ಒಪ್ಪಿಕೊಂಡಿದ್ದರು. ಗುಂಡಿ ಬಲು ಸಣ್ಣದು, ವಯಸ್ಸಾದವರ ಬೆರಳಿಗೆ ಸಿಗುವುದಿಲ್ಲ ಎಂದಳು. ಸಾಸಿವೆ ಕಾಳನ್ನು ಒತ್ತಿದ ಹಾಗಾಗುತ್ತದೆ, ಮಾಡಿದವನಿಗೆ ಅಜ್ಜ ಅಜ್ಜಿ ಇರಲಿಲ್ಲವೇನೋ ಎಂದು ಮಾವ ಸೇರಿಸಿದ್ದರು. ಒಗೆಯುವಾಗ ನೀರು ಹೋಗಿ ಎರಡು ಕೆಟ್ಟಿವೆ ಎಂದಳು. ನೀರು ಸೋಕಲೇಬಾರದು, ನಾನೇ ಒಂದನ್ನು ಅಂಗಿಯ ಜೇಬಿನಲ್ಲಿ ಮರೆತು ಒಗೆಯಲು ಹಾಕುವುದರಲ್ಲಿದ್ದೆ ಎಂದು ಮಾವ ಹೇಳಿದಾಗ ಒಡತಿ ನಕ್ಕಿದ್ದಳು. ಅಷ್ಟು ದೊಡ್ಡ ಯಂತ್ರ ಅಂಗಿಯ ಜೇಬಿನಲ್ಲಿ ಹೇಗೆ ಹಿಡಿಯಿತೆಂದು ಅವಳಿಗೆ ತಿಳಿಯದಿದ್ದರೂ, ಆ ಕಂಪನಿಯವರ ಬಾಯಲ್ಲಿ ತಪ್ಪು ಒಪ್ಪಿಕೊಂಡ ಮಾತು ಬಂದದ್ದು ಅದೇ ಮೊದಲು. ಹಾಗಾದರೆ ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ ಎಂದು ಮ್ಯಾನೇಜರ್ ಕೇಳಿದ್ದ. ಇದನ್ನು ಜೋಡಿಸಿದ ನಮ್ಮ ಹುಡುಗ ಬುದ್ಧಿವಂತ, ಆದರೆ ಯಾರ ಮಾತೂ ಅವನ ಕಿವಿಗೆ ಹೋಗುವುದಿಲ್ಲ. ಕಿವುಡು ಅಂದರೆ ನನ್ನದಲ್ಲ, ಅವನದು ಎಂದು ಮಾವ ಉತ್ತರಿಸಿದ್ದರು.

ಅಳಿಯ ಹಾಲಿಗೆ ಬಂದು ತಲುಪಿದ್ದು ಈ ಮಾತಿಗೆ ಸರಿಯಾಗಿ.

ಅವನಿಗೆ ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಕಣ್ಣೆದುರಿಗೆ ಕೆಲಸ ಹೋಯಿತು, ಹೆಸರು ಹೋಯಿತು. ಮಾವನ ಕಿವಿಯಿಂದ ಆ ಕಾಳನ್ನು ಕಿತ್ತೆಸೆಯಲು ಕೈ ಚಾಚಿದ. ಮಾವ ಕಣ್ಣು ತೆರೆದು ಅವನ ಮಣಿಕಟ್ಟು ಹಿಡಿದು, ತಡಿ ಎಂದು ಇನ್ನೊಂದು ಕೈಯಲ್ಲಿ ಸನ್ನೆ ಮಾಡಿದರು. ಗರಗಸದ ಎದುರು ದಿಮ್ಮಿ ಹಿಡಿದು ಪಳಗಿದ ಕೈ ಅದು. ಕೀಬೋರ್ಡಿನ ಕೈ ಅಲ್ಲಾಡಲಿಲ್ಲ.

"ತೆಗೆದು ಹಾಕೋದಾ?" ಎಂದರು ಮಾವ. ಕೇಳಿದ ಪ್ರಶ್ನೆಯನ್ನು ಒಮ್ಮೆ ತಾವೇ ಹೇಳಿ ಖಾತ್ರಿಪಡಿಸಿಕೊಳ್ಳುವುದು ಅವರ ಹಳೆಯ ಅಭ್ಯಾಸ.

"ಬೇಡ ತಾಯಿ," ಎಂದರು. "ಚುಚ್ಚುತ್ತೆ, ಕಿರುಚುತ್ತೆ, ಎಲ್ಲ ನಿಜ. ಆದ್ರೆ ಮೊನ್ನೆ ನನ್ನ ಮಗಳು ಪಾತ್ರೆ ತೊಳೀತಾ ಹಾಡ್ತಿದ್ಲು. ಅವಳು ಹಾಡ್ತಾಳೆ ಅನ್ನೋದೇ ನಂಗೆ ಗೊತ್ತಿರ್ಲಿಲ್ಲ. ಇಷ್ಟು ವರ್ಷ ಬಾಯಿ ಅಲ್ಲಾಡೋದು ನೋಡಿ, ನನ್ನೇ ಬೈತಿದಾಳೆ ಅಂದ್ಕೊಂಡಿದ್ದೆ. ಒಂದು ಒಳ್ಳೇ ಕೆಲಸಕ್ಕೆ ಅಂತ ಮಾಡಿರೋ ವಸ್ತು ಇದು. ಕಷ್ಟ ಇರೋ ಕಡೆ ಸರಿ ಮಾಡ್ಕೊಡಿ ಸಾಕು, ಕಿತ್ತು ಬಿಸಾಕಬೇಡಿ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳಿಯ ಚಾಚಿದ್ದ ಕೈಯನ್ನು ಏನು ಮಾಡಬೇಕೆಂದು ತೋಚದೆ, ಮಾವನ ಭುಜದ ಮೇಲಿನ ಇಲ್ಲದ ಧೂಳು ಕೊಡವಿದ. ಮಾವ ಇನ್ನೂ ಸ್ವಲ್ಪ ಹೊತ್ತು ಆಲಿಸಿ, ಆಯ್ತು, ಸೋಮವಾರ ಮಾತಾಡೋಣ ಎಂದು ಗಾಳಿಗೆ ಕೈಮುಗಿದರು.

ಕೋಣೆಗೆ ಓಡುವಷ್ಟರಲ್ಲಿ ಮೀಟಿಂಗ್ ಮುಗಿದಿತ್ತು. ಅಳಿಯನ ಫೋನು ಮೊಳಗಿತು, ಮ್ಯಾನೇಜರ್. ಒಡತಿ ವ್ಯವಸ್ಥೆಯನ್ನು ಉಳಿಸಿಕೊಳ್ಳಲು ಒಪ್ಪಿದ್ದಾಳೆ, ಗುಂಡಿ ದೊಡ್ಡದಾಗಬೇಕು, ಕಿರುಚಾಟ ನಿಲ್ಲಬೇಕು, ಅಷ್ಟೇ ಎಂದ. ಮಗಳ ಹಾಡಿನ ಮಾತು ಬಂದಾಗ ತನ್ನ ಕಣ್ಣಲ್ಲೂ ನೀರು ಬಂತು ಎಂದ. "ನಿಂಗೆ ಇಷ್ಟು ದೊಡ್ಡ ಮಗಳಿದಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದೂ ಸೇರಿಸಿದ. ಗಂಟಲಿಗೆ ಬಿಸಿನೀರು ಕುಡಿ ಎಂದು ಹೇಳಿ ಫೋನಿಟ್ಟ.

ಅಳಿಯ ನಿಧಾನವಾಗಿ ಹಾಲಿಗೆ ವಾಪಸು ಬಂದು, ಮಾವನ ಎದುರು ಸ್ಟೂಲು ಎಳೆದುಕೊಂಡು ಕೂತ. ಅವರು ಕ್ಲಿನಿಕ್ಕಿನವರಲ್ಲ ಎಂಬಲ್ಲಿಂದ ಹಿಡಿದು, ಕೆಲಸ ಹೋಗುವುದರಲ್ಲಿತ್ತು ಎಂಬಲ್ಲಿಯವರೆಗೆ ಎಲ್ಲವನ್ನೂ ಹೇಳಿದ. ಮೊದಲ ಸಲ ಕೂಗದೆ ಹೇಳಿದ. ತಾನು ಮೇಜು ಕುಟ್ಟಿ ಕುಟ್ಟಿ ಭಾಷಣ ಮಾಡುತ್ತಿದ್ದುದನ್ನೂ, ಅದರಲ್ಲಿ ಒಂದಕ್ಷರವೂ ಯಾರಿಗೂ ಕೇಳಿಸದಿದ್ದುದನ್ನೂ ಬಿಡದೆ ಒಪ್ಪಿಕೊಂಡ. ಹೆಂಡತಿ ನಗು ತಡೆಯಲಾರದೆ ಅಡುಗೆಮನೆಗೆ ಹೋದಳು.

ಮಾವ ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ಅವರ ಮುಖದಲ್ಲಿ ಏನೋ ದೊಡ್ಡ ಭಾರ ಇಳಿದಂತೆ ಕಂಡಿತು.

"ಹಾಗಾದ್ರೆ ಸರಿ ಹೋಯ್ತು ಬಿಡಿ ಅಳಿಯಂದ್ರೇ. ಕೊನೇಲಿ ಆ ತಾಯಿ ಒಂದು ಮಾತು ಅಂದ್ಲು. 'ನಿಮ್ಮ ಮಾತು ಕೇಳೋಕೆ ಎಷ್ಟು ಹಿತವಾಗಿದೆ, ಆದ್ರೆ ಮುಖ ನೋಡಿದ್ರೆ ಒಂದೂ ನಂಬೋಕಾಗಲ್ಲ. ಸೋಮವಾರ ಮುಖ ಬೇಡ, ಮಾತೊಂದೇ ಸಾಕು' ಅಂತ. ಆವಾಗಿಂದ ನಂಗೆ ಅದೇ ಕೊರಗು, ಕನ್ನಡಿ ನೋಡ್ಕೊಂಡು ಬರೋಣ ಅಂತಿದ್ದೆ."

ಮಾವ ಕುರ್ಚಿಗೆ ಒರಗಿ ನೆಮ್ಮದಿಯಿಂದ ಉಸಿರು ಬಿಟ್ಟರು.

"ಸದ್ಯ. ಅದು ನಿಮ್ಮ ಮುಖ."